ನುಂಗಿದ್ದೆಲ್ಲ ಮೈಗೂಡುವುದಿಲ್ಲ



ಊಟಕ್ಕೆ ಕುಳಿತಾಗ ಶಿಲುಬೆಯ ಗುರುತು ಹಾಕಿ, ಅನ್ನ ಕೊಟ್ಟ ದೇವರಿಗೆ ವಂದನೆ ಹೇಳುವ ಅಭ್ಯಾಸ ನಮ್ಮ ಮನೆಗಳಲ್ಲಿ ಇನ್ನೂ ಉಳಿದಿದೆ. ಅದು ಸಂತೋಷದ ಮಾತು. ಆದರೆ ಉಂಡು ಕೈತೊಳೆದ ಮೇಲೆ ಆ ಅನ್ನ ಏನಾಯಿತು ಎಂದು ನಾವು ಯೋಚಿಸುವುದು ಅಪರೂಪ. ಹೊಟ್ಟೆ ನೋಯುವ ತನಕ ಹೊಟ್ಟೆಯ ನೆನಪಿಲ್ಲ; ಉಸಿರು ಕಟ್ಟುವ ತನಕ ಉಸಿರಿನ ನೆನಪಿಲ್ಲ.

ನಮ್ಮ ತಾಯಂದಿರ ಬಾಯಲ್ಲಿ ಒಂದು ಮಾತು ಕೇಳಿರುತ್ತೀರಿ: "ಈ ಹುಡುಗನಿಗೆ ಎಷ್ಟು ಹಾಕಿದರೂ ಮೈಗೆ ಹತ್ತುವುದಿಲ್ಲ." ತಟ್ಟೆ ಖಾಲಿಯಾಗುವುದೇ ಬೇರೆ, ಮೈಗೆ ಹತ್ತುವುದೇ ಬೇರೆ ಎಂದು ಆ ತಾಯಿಗೆ ಗೊತ್ತು. ಕನ್ನಡದಲ್ಲಿ 'ಮೈಗೂಡುವುದು' ಎಂಬ ಇನ್ನೊಂದು ಚಂದದ ಪದವೂ ಇದೆ. ಅದನ್ನು ಒಳ್ಳೆಯ ಗುಣಕ್ಕೆ ಹೇಳುತ್ತೇವೆ, ಕಲಿತ ವಿದ್ಯೆಗೆ ಹೇಳುತ್ತೇವೆ, ಭಕ್ತಿಗೂ ಹೇಳುತ್ತೇವೆ. ದೇವರು ನಮ್ಮ ದೇಹದೊಳಗೆ ಇಟ್ಟಿರುವ ಈ 'ಮೈಗೂಡಿಸಿಕೊಳ್ಳುವ' ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಅನ್ನ ಮತ್ತು ಗಾಳಿ ನಮ್ಮವಾಗುವುದು ಹೇಗೆ ಎಂದು ತಿಳಿದರೆ, ಪ್ರತಿ ಭಾನುವಾರ ನಾವು ನಾಲಿಗೆಯ ಮೇಲೆ ಸ್ವೀಕರಿಸುವ ಪರಮಪ್ರಸಾದ ನಮ್ಮ ಬಾಳಿನಲ್ಲಿ ಮೈಗೂಡಿದೆಯೇ ಎಂದು ಕೇಳಿಕೊಳ್ಳುವ ಧೈರ್ಯವೂ ಬಂದೀತು.

ಒಳಗೆ ಹೋದರೂ ಹೊರಗೇ

ನಿಮ್ಮ ಕೈಯಲ್ಲಿರುವ ಜಪಸರವನ್ನು ನೋಡಿ. ಪ್ರತಿಯೊಂದು ಮಣಿಯ ನಡುವೆ ಒಂದು ತೂತಿದೆ. ಅದರೊಳಗೆ ದಾರ ಹಾದುಹೋಗಿದೆ. ದಾರ ಮಣಿಯ ಒಳಗೇ ಇದೆ, ಆದರೂ ಅದು ಮಣಿಯ ಭಾಗವಲ್ಲ. ನಮ್ಮ ಅನ್ನನಾಳವೂ ಕರುಳೂ ಹೀಗೆಯೇ. ಬಾಯಿಯಿಂದ ಗುದದ್ವಾರದವರೆಗೆ ಹೋಗುವ ಒಂದು ಉದ್ದನೆಯ ಕೊಳವೆ. ನುಂಗಿದ ತುತ್ತು ಆ ಕೊಳವೆಯೊಳಗೆ ಇರುವಷ್ಟು ಹೊತ್ತು ಅದು ನಿಜವಾಗಿ ನಮ್ಮ ದೇಹದ ಹೊರಗೇ ಇದೆ. ಮಗು ನುಂಗಿದ ನಾಣ್ಯ ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ಹಾಗೆಯೇ ಹೊರಗೆ ಬರುತ್ತದಲ್ಲ, ಅದು ಮಗುವಿನೊಳಗೆ ಪ್ರಯಾಣ ಮಾಡಿತೇ ಹೊರತು ಮಗುವಿಗೆ ಸೇರಲಿಲ್ಲ. ಹೊರಗಿನಿಂದ ಬಾಯೊಳಗೆ ಹೋದದ್ದು ಹೊಟ್ಟೆ ಸೇರಿ ಹೊರಬೀಳುತ್ತದೆ, ಹೃದಯವನ್ನು ಸೇರುವುದಿಲ್ಲ ಎಂದು ಯೇಸುಸ್ವಾಮಿ ಶಿಷ್ಯರಿಗೆ ತಿಳಿಸಿದ ಪ್ರಸಂಗ ಮಾರ್ಕನ ಶುಭಸಂದೇಶದ ಏಳನೇ ಅಧ್ಯಾಯದಲ್ಲಿದೆ.

ಹಾಗಾದರೆ ಅನ್ನ ನಮ್ಮದಾಗುವುದು ಯಾವಾಗ? ಕರುಳಿನ ಒಳಗೋಡೆಯ ಒಂದೇ ಒಂದು ಸಾಲು ಜೀವಕೋಶಗಳನ್ನು ಅದು ದಾಟಿದಾಗ. ಆ ಗೋಡೆ ದಾಟಲು ಒಂದು ಷರತ್ತಿದೆ. ತುತ್ತು ಇದ್ದ ಹಾಗೆ ದಾಟಲಾರದು, ಅದು ಮುರಿಯಬೇಕು.

ಮುರಿಯುವ ಕೆಲಸ ಬಾಯಲ್ಲೇ ಶುರುವಾಗುತ್ತದೆ. ಒಂದು ತುತ್ತು ಅನ್ನವನ್ನು ಸುಮ್ಮನೆ ಬಹಳ ಹೊತ್ತು ಅಗಿದು ನೋಡಿ, ಸಿಹಿಯಾಗುತ್ತದೆ. ಜೊಲ್ಲು ಅಕ್ಕಿಯ ಪಿಷ್ಟವನ್ನು ಒಡೆದು ಸಕ್ಕರೆ ಮಾಡುತ್ತಿದೆ ಎಂಬುದಕ್ಕೆ ಅದೇ ಸಾಕ್ಷಿ. ಕೆನ್ನೆಯೊಳಗಿನ ದೊಡ್ಡ ಗ್ರಂಥಿಯಿಂದ ಜೊಲ್ಲನ್ನು ಬಾಯಿಗೆ ತರುವ ಸಣ್ಣ ನಾಳವೊಂದಿದೆ. ವೈದ್ಯಕೀಯ ವಿದ್ಯಾರ್ಥಿಗಳು ಇಂದಿಗೂ ಅದನ್ನು ಸ್ಟೆನ್ಸನ್ ನಾಳ ಎಂದು ಕರೆಯುತ್ತಾರೆ. ಆ ಹೆಸರು ನಮ್ಮ ಧರ್ಮಸಭೆಯ ಒಬ್ಬ ಧರ್ಮಾಧ್ಯಕ್ಷರದು ಎಂದರೆ ನಿಮಗೆ ಆಶ್ಚರ್ಯವಾದೀತು. ಡೆನ್ಮಾರ್ಕಿನಲ್ಲಿ 1638ರಲ್ಲಿ ಹುಟ್ಟಿದ ನೀಲ್ಸ್ ಸ್ಟೆನ್ಸನ್, 1660ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಕುರಿಯ ತಲೆಯೊಂದನ್ನು ಕೊಯ್ದು ಪರೀಕ್ಷಿಸುವಾಗ ಆ ನಾಳವನ್ನು ಕಂಡುಹಿಡಿದರು. ಹೃದಯವೂ ಒಂದು ಸ್ನಾಯು ಎಂದು ತೋರಿಸಿದವರು ಅವರೇ. ಲೂಥರನ್ ಮನೆತನದ ಅವರು 1667ರಲ್ಲಿ ಕಥೋಲಿಕ ಧರ್ಮಸಭೆಗೆ ಸೇರಿದರು, 1675ರಲ್ಲಿ ಗುರುಗಳಾದರು, 1677ರಲ್ಲಿ ಧರ್ಮಾಧ್ಯಕ್ಷರಾದರು. ಬಡತನದಲ್ಲೇ ಬಾಳಿ 1686ರಲ್ಲಿ ತೀರಿಕೊಂಡರು. ಜಗದ್ಗುರು ಎರಡನೇ ಜಾನ್ ಪಾಲ್ ಅವರು 1988ರಲ್ಲಿ ಅವರನ್ನು ಪುನೀತರೆಂದು ಘೋಷಿಸಿದರು. ದೇಹವನ್ನು ಅರಿಯುವುದು ದೇವರಿಂದ ದೂರ ಹೋಗುವ ದಾರಿಯಲ್ಲ ಎಂಬುದಕ್ಕೆ ಅವರ ಬಾಳೇ ಸಾಕ್ಷಿ.

ಜಠರದಲ್ಲಿ ಕೆಲವು ಗಂಟೆ ಆಮ್ಲದಲ್ಲಿ ಕಲಸಿದ ಆಹಾರ ಸಣ್ಣ ಕರುಳಿಗೆ ಇಳಿಯುತ್ತದೆ. ಅಲ್ಲಿ ಪಿತ್ತರಸ, ಮೇದೋಜೀರಕ ಗ್ರಂಥಿಯ ರಸ ಸೇರಿ ಮುರಿಯುವ ಕೆಲಸ ಪೂರ್ತಿಯಾಗುತ್ತದೆ. ಅನ್ನ, ರೊಟ್ಟಿ, ಮುದ್ದೆ ಗ್ಲೂಕೋಸ್ ಆಗುತ್ತವೆ. ಬೇಳೆ, ಮೀನು, ಮೊಟ್ಟೆ ಅಮೈನೋ ಆಮ್ಲಗಳಾಗುತ್ತವೆ. ತುಪ್ಪ, ಎಣ್ಣೆ ಸಣ್ಣ ಹನಿಗಳಾಗಿ ಕರಗುತ್ತವೆ. ಕರುಳಿನ ಗೋಡೆಯ ತುಂಬ ಮಖಮಲ್ಲಿನ ಎಳೆಗಳಂತೆ ಬೆರಳಿನಾಕಾರದ ಲಕ್ಷಾಂತರ ಸಣ್ಣ ಚಾಚುಗಳಿವೆ. ಅವುಗಳ ಉದ್ದ ಸುಮಾರು ಒಂದು ಮಿಲಿಮೀಟರ್. ಅವನ್ನೆಲ್ಲ ಬಿಡಿಸಿ ಹರಡಿದರೆ ಟೆನಿಸ್ ಅಂಗಳದಷ್ಟಾಗುತ್ತದೆ ಎಂದು ಪುಸ್ತಕಗಳು ಬಹಳ ಕಾಲ ಬರೆದವು. 2014ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಮತ್ತೆ ಲೆಕ್ಕ ಹಾಕಿ ಅದು ಸುಮಾರು 30 ಚದರ ಮೀಟರ್ ಎಂದರು. ಅದೂ ಸಣ್ಣದೇನಲ್ಲ, ಒಂದು ದೊಡ್ಡ ಹಜಾರದ ನೆಲದಷ್ಟು. ಈ ಗೋಡೆಯ ಕೋಶಗಳ ಆಯುಸ್ಸು ಮೂರರಿಂದ ಐದು ದಿನ ಮಾತ್ರ. ದುಡಿದು, ಸವೆದು, ಉದುರಿ, ಹೊಸಬರಿಗೆ ಜಾಗ ಬಿಡುತ್ತವೆ.

ಯೇಸುಸ್ವಾಮಿ ರೊಟ್ಟಿಯನ್ನು ತೆಗೆದುಕೊಂಡರು, ದೇವರಿಗೆ ಸ್ತೋತ್ರ ಸಲ್ಲಿಸಿದರು, ಮುರಿದರು, ಕೊಟ್ಟರು. ಮುರಿಯದೆ ಕೊಡುವುದಿಲ್ಲ, ಮುರಿಯದೆ ಸೇರುವುದಿಲ್ಲ. ದೇವರ ವಾಕ್ಯವೂ ಹಾಗೆಯೇ. ಭಾನುವಾರ ಕಿವಿಗೆ ಬಿದ್ದ ಶುಭಸಂದೇಶವನ್ನು ಮನೆಗೆ ಬಂದು ಮೆಲುಕು ಹಾಕದಿದ್ದರೆ, ಮಗು ನುಂಗಿದ ನಾಣ್ಯದಂತೆ ಅದು ನಮ್ಮನ್ನು ಹಾದುಹೋಗುತ್ತದೆ, ನಮ್ಮನ್ನು ಸೇರುವುದಿಲ್ಲ.

ಒಂಟಿಯಾಗಿ ದಾಟಲಾಗದ ಬಾಗಿಲು

ಕರುಳಿನ ಗೋಡೆಯಲ್ಲಿ ಒಂದು ವಿಚಿತ್ರವಾದ ಬಾಗಿಲಿದೆ. ಉಪ್ಪಿನ ಅಂಶ ಮತ್ತು ಗ್ಲೂಕೋಸ್ ಇಬ್ಬರೂ ಜೊತೆಯಾಗಿ ಬಂದರೆ ಮಾತ್ರ ಅದು ತೆರೆಯುತ್ತದೆ. ಅವು ಒಳಹೋದ ಹಿಂದೆಯೇ ನೀರೂ ಒಳಗೆ ಹೋಗುತ್ತದೆ. ರಾಬರ್ಟ್ ಕ್ರೇನ್ ಎಂಬ ವಿಜ್ಞಾನಿ 1960ರಲ್ಲಿ ಈ ವಿವರಣೆಯನ್ನು ಮುಂದಿಟ್ಟರು. ಕಾಲರಾದಂತಹ ಭೇದಿಯಲ್ಲಿ ದೇಹದ ನೀರೆಲ್ಲ ಹರಿದುಹೋಗುವಾಗ, ಬರೀ ನೀರು ಕುಡಿಸಿದರೆ ಸಾಲದು, ಬರೀ ಉಪ್ಪುನೀರೂ ಸಾಲದು. ಆದರೆ ಆ ಜೋಡಿ ಬಾಗಿಲು ಮಾತ್ರ ಕಾಯಿಲೆಯಲ್ಲೂ ಕೆಲಸ ಮಾಡುತ್ತಲೇ ಇರುತ್ತದೆ.

1971ರಲ್ಲಿ ಬಾಂಗ್ಲಾದೇಶದ ಯುದ್ಧಕಾಲದಲ್ಲಿ ಲಕ್ಷಾಂತರ ನಿರಾಶ್ರಿತರು ಪಶ್ಚಿಮ ಬಂಗಾಳಕ್ಕೆ ಬಂದರು. ಗಡಿಯ ಬನಗಾಂವಿನಲ್ಲಿ ಕಾಲರಾ ಹರಡಿತು. ನರಕ್ಕೆ ಏರಿಸುವ ಸಲೈನ್ ಬಾಟಲಿಗಳು ಮುಗಿಯುತ್ತ ಬಂದವು. ಡಾ. ದಿಲೀಪ್ ಮಹಲನಬಿಸ್ ಎಂಬ ವೈದ್ಯರು ಉಪ್ಪು, ಗ್ಲೂಕೋಸು ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ, ರೋಗಿಯ ಮನೆಯವರ ಕೈಗೇ ಲೋಟ ಕೊಟ್ಟು ಕುಡಿಸಲು ಹೇಳಿದರು. ನೂರಕ್ಕೆ 30ರಷ್ಟಿದ್ದ ಸಾವು ನೂರಕ್ಕೆ 4ಕ್ಕಿಂತ ಕೆಳಗಿಳಿಯಿತು. ತಾಯಂದಿರು, ಅಕ್ಕಂದಿರು, ಅಜ್ಜಿಯರು ಗುಟುಕು ಗುಟುಕಾಗಿ ಕುಡಿಸಿ ಪ್ರಾಣ ಉಳಿಸಿದರು. ಡಾ. ಮಹಲನಬಿಸ್ 2022ರಲ್ಲಿ ತೀರಿಕೊಂಡರು. ಮರುವರ್ಷ ಸರ್ಕಾರ ಅವರಿಗೆ ಮರಣೋತ್ತರ ಪದ್ಮವಿಭೂಷಣ ನೀಡಿತು.

ಇದು ಪ್ರತಿಯೊಬ್ಬ ತಾಯಿಗೂ ತಿಳಿದಿರಬೇಕಾದ ವಿಷಯ. ಮಗುವಿಗೆ ಭೇದಿಯಾದಾಗ "ನೀರು ಕೊಟ್ಟರೆ ಇನ್ನೂ ಜಾಸ್ತಿಯಾಗುತ್ತದೆ" ಎಂದು ಬಾಯಿ ಒಣಗಿಸುವ ಹಳೆಯ ನಂಬಿಕೆ ಪ್ರಾಣಕ್ಕೇ ಕುತ್ತು. ಆರೋಗ್ಯ ಕೇಂದ್ರದಲ್ಲಿ ಸಿಗುವ ಓ.ಆರ್.ಎಸ್. ಪೊಟ್ಟಣವೇ ಎಲ್ಲಕ್ಕಿಂತ ಒಳ್ಳೆಯದು. ಅದು ಸಿಗದಿದ್ದರೆ, ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಸಮಮಟ್ಟದ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪಿನ ಅಳತೆ ಹೆಚ್ಚಬಾರದು. ಎದೆಹಾಲು ನಿಲ್ಲಿಸಬಾರದು. ಮಗು ಮಂಕಾದರೆ, ಕಣ್ಣು ಗುಳಿಬಿದ್ದರೆ, ಮಲದಲ್ಲಿ ರಕ್ತ ಕಂಡರೆ, ಕುಡಿದದ್ದೆಲ್ಲ ವಾಂತಿಯಾದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಈ ಬಾಗಿಲಿನಲ್ಲಿ ನಮ್ಮ ವಿಶ್ವಾಸಕ್ಕೂ ಒಂದು ಪಾಠವಿದೆ. ಉಪ್ಪು ಸಕ್ಕರೆಯ ಕೈಹಿಡಿದು ಒಳಹೋಗುವಂತೆ, ನಾವೂ ಯಾರದೋ ಕೈಹಿಡಿದೇ ದೇವರ ಮನೆಗೆ ಬಂದವರು. ಪಾರ್ಶ್ವವಾಯು ರೋಗಿಯನ್ನು ನಾಲ್ವರು ಹೊತ್ತು ತಂದು, ಮಾಡು ತೆಗೆದು, ಯೇಸುವಿನ ಮುಂದೆ ಇಳಿಸಿದರು. ಅವರ ವಿಶ್ವಾಸವನ್ನು ಕಂಡು ಪ್ರಭು ಅವನನ್ನು ಗುಣಪಡಿಸಿದರು. ನಿಮ್ಮ ಬೆರಳು ಹಿಡಿದು ಪೂಜೆಗೆ ಬರುವ ಮೊಮ್ಮಗು ಇದೆಯೇ? ಬಹಳ ವರ್ಷದಿಂದ ದೇವಾಲಯದ ಮೆಟ್ಟಿಲು ಹತ್ತದ ಅಣ್ಣನೋ ನೆರೆಯವನೋ ಇದ್ದಾನೆಯೇ? ಅವನು ಒಂಟಿಯಾಗಿ ಆ ಬಾಗಿಲು ದಾಟಲಾರ. ನೀವು ಜೊತೆಗೆ ಹೋಗಬೇಕು.

ಕೂಡಿಡಲಾಗದ ಮನ್ನಾ

ಇನ್ನು ಉಸಿರಿನ ಮಾತು. ದೇವರು ಮಣ್ಣಿನಿಂದ ಮನುಷ್ಯನನ್ನು ರೂಪಿಸಿ ಅವನ ಮೂಗಿನಲ್ಲಿ ಜೀವಶ್ವಾಸ ಊದಿದರು ಎಂದು ಆದಿಕಾಂಡ ತಿಳಿಸುತ್ತದೆ. ಪುನರುತ್ಥಾನರಾದ ಯೇಸು ಶಿಷ್ಯರ ಮೇಲೆ ಉಸಿರೂದಿ ಪವಿತ್ರಾತ್ಮರನ್ನು ಕೊಟ್ಟರು ಎಂದು ಯೊವಾನ್ನ ಬರೆದಿದ್ದಾನೆ. ಹೀಬ್ರೂ ಭಾಷೆಯಲ್ಲಿ 'ರೂಆಹ್' ಎಂಬ ಒಂದೇ ಪದಕ್ಕೆ ಗಾಳಿ, ಉಸಿರು, ಆತ್ಮ ಎಂಬ ಮೂರೂ ಅರ್ಥಗಳಿವೆ.

ನಾವು ದಿನಕ್ಕೆ ಸುಮಾರು 20,000 ಬಾರಿ ಉಸಿರಾಡುತ್ತೇವೆ. ಗಾಳಿಯಲ್ಲಿ ನೂರಕ್ಕೆ 21 ಪಾಲು ಆಮ್ಲಜನಕ. ಶ್ವಾಸಕೋಶದ ತುದಿಯಲ್ಲಿ ದ್ರಾಕ್ಷಿ ಗೊಂಚಲಿನಂತೆ 30 ರಿಂದ 50 ಕೋಟಿ ಸಣ್ಣ ಗಾಳಿಚೀಲಗಳಿವೆ. ಹರಡಿದರೆ ಒಂದು ಪುಟ್ಟ ಮನೆಯ ಪೂರ್ತಿ ನೆಲದಷ್ಟು, ಸುಮಾರು 70 ಚದರ ಮೀಟರ್. ಅಲ್ಲಿ ಗಾಳಿಗೂ ರಕ್ತಕ್ಕೂ ನಡುವೆ ಇರುವ ಗೋಡೆ ಒಂದು ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕಿಂತಲೂ ತೆಳು. ರಕ್ತಕಣ ಅಲ್ಲಿ ಮುಕ್ಕಾಲು ಸೆಕೆಂಡು ಮಾತ್ರ ನಿಲ್ಲುತ್ತದೆ. ಆರೋಗ್ಯವಂತರಲ್ಲಿ ಅದರ ಮೂರನೇ ಒಂದು ಭಾಗದಷ್ಟು ಸಮಯದಲ್ಲೇ ಆಮ್ಲಜನಕ ತುಂಬಿಕೊಂಡುಬಿಡುತ್ತದೆ.

ಯಾರೂ ಅದನ್ನು ಒಳಕ್ಕೆ ದೂಡುವುದಿಲ್ಲ. ಎಲ್ಲಿ ಹೆಚ್ಚಿದೆಯೋ ಅಲ್ಲಿಂದ ಎಲ್ಲಿ ಕಡಿಮೆಯಿದೆಯೋ ಅಲ್ಲಿಗೆ ತಾನಾಗಿ ಹರಿಯುತ್ತದೆ, ಅಷ್ಟೆ. ಬರಿದಾಗಿ ಬಂದ ರಕ್ತಕ್ಕೆ ತುಂಬ ಸಿಗುತ್ತದೆ. ಆಗಲೇ ತುಂಬಿಕೊಂಡಿದ್ದರೆ ಏನೂ ಸೇರದು. ಕಬ್ಬಿಣಾಂಶದ ವಿಷಯದಲ್ಲೂ ಹೀಗೆಯೇ. ದೇಹದಲ್ಲಿ ಕೊರತೆಯಿದ್ದಾಗ ಕರುಳು ತನ್ನ ಬಾಗಿಲನ್ನು ಇನ್ನಷ್ಟು ತೆರೆಯುತ್ತದೆ. ಹಸಿದವರನ್ನು ತುಂಬಿಸಿ ಉಳ್ಳವರನ್ನು ಬರಿಗೈಯಲ್ಲಿ ಕಳುಹಿಸುವ ದೇವರನ್ನು ಮಾತೆ ಮರಿಯಮ್ಮನವರು ಕೊಂಡಾಡಿದ್ದು ನೆನಪಿಗೆ ಬರುವುದಿಲ್ಲವೇ?

ಇನ್ನೊಂದು ಮಾತು. ಕೊಬ್ಬನ್ನು ದೇಹ ವಾರಗಟ್ಟಲೆಗೆ ಕೂಡಿಡಬಲ್ಲದು. ಆಮ್ಲಜನಕವನ್ನು ಕೆಲವು ನಿಮಿಷಕ್ಕಿಂತ ಹೆಚ್ಚು ಕೂಡಿಡಲಾರದು. ಮರಳುಗಾಡಿನಲ್ಲಿ ಇಸ್ರಯೇಲರಿಗೆ ಸಿಕ್ಕಿದ ಮನ್ನಾ ಮರುದಿನಕ್ಕೆಂದು ಎತ್ತಿಟ್ಟರೆ ಹುಳು ಬೀಳುತ್ತಿತ್ತು. ಉಸಿರೂ ಅಂಥದ್ದೇ, ಆಯಾ ಕ್ಷಣದ ವರ. 2021ರ ಬೇಸಿಗೆಯಲ್ಲಿ, ಕೋವಿಡ್ಡಿನ ಎರಡನೇ ಅಲೆಯಲ್ಲಿ, ಬೆರಳಿಗೆ ಸಿಕ್ಕಿಸುವ ಪುಟ್ಟ ಯಂತ್ರದ ಅಂಕಿಯನ್ನು ನೋಡುತ್ತ, ಸಿಲಿಂಡರಿಗಾಗಿ ಊರೆಲ್ಲ ಅಲೆದ ಮನೆಗಳು ನಮ್ಮ ನಡುವೆಯೂ ಇವೆ. ಆ ಮನೆಗಳಿಗೆ ಉಸಿರಿನ ಬೆಲೆಯನ್ನು ಯಾರೂ ಪ್ರವಚನ ಮಾಡಿ ತಿಳಿಸಬೇಕಾಗಿಲ್ಲ.

ಗಾಳಿಚೀಲಗಳು ಅಂಟಿಕೊಳ್ಳದಂತೆ ಒಳಗೆ ಸೋಪಿನಂತಹ ಒಂದು ತೆಳುಪದರವಿರುತ್ತದೆ. ದಿನ ತುಂಬದೆ ಹುಟ್ಟಿದ ಮಕ್ಕಳಲ್ಲಿ ಅದು ಸಾಲದು. ಅದರಿಂದಲೇ ಅವು ಉಸಿರಿಗಾಗಿ ಒದ್ದಾಡುತ್ತವೆ ಎಂದು ಮೇರಿ ಎಲೆನ್ ಏವರಿ ಎಂಬ ವೈದ್ಯೆ 1959ರಲ್ಲಿ ತೋರಿಸಿಕೊಟ್ಟರು. ಅದಾಗಿ ನಾಲ್ಕು ವರ್ಷಕ್ಕೆ, 1963ರ ಆಗಸ್ಟ್ 7ರಂದು, ಅಮೆರಿಕದ ಮೊದಲ ಕಥೋಲಿಕ ಅಧ್ಯಕ್ಷ ಜಾನ್ ಕೆನಡಿಯವರ ಮಗ ಪ್ಯಾಟ್ರಿಕ್ ದಿನ ತುಂಬುವ ಮೊದಲೇ ಹುಟ್ಟಿ, ಇದೇ ತೊಂದರೆಯಿಂದ ಎರಡು ದಿನದೊಳಗೆ ತೀರಿಕೊಂಡ. ಲೋಕದ ಅತ್ಯಂತ ದೊಡ್ಡ ಅಧಿಕಾರ ಕೈಯಲ್ಲಿದ್ದ ತಂದೆಗೆ ಮಗನ ಎದೆಯೊಳಗಿನ ಆ ತೆಳುಪದರವನ್ನು ಕೊಡಲಾಗಲಿಲ್ಲ. 1980ರಲ್ಲಿ ಜಪಾನಿನ ಡಾ. ಫುಜಿವಾರ ಅದನ್ನು ಔಷಧಿಯಾಗಿ ಮಕ್ಕಳ ಶ್ವಾಸಕೋಶಕ್ಕೆ ಹಾಕಿ ಯಶಸ್ವಿಯಾದರು. ಇಂದು ಅಂತಹ ಅನೇಕ ಹಸುಳೆಗಳು ಬದುಕಿ ಮನೆಗೆ ಬರುತ್ತಿವೆ. ವೈದ್ಯನನ್ನು ಗೌರವಿಸಿರಿ, ಅವನ ಜಾಣ್ಮೆಯೂ ದೇವರದೇ ಎಂಬುದು ಸಿರಾಖನ ಗ್ರಂಥದ ಬೋಧನೆ. ಪ್ರಾರ್ಥನೆ ಮಾಡಿ, ಔಷಧಿಯನ್ನೂ ಕೊಡಿಸಿ. ಒಂದಕ್ಕಾಗಿ ಇನ್ನೊಂದನ್ನು ಬಿಡಬೇಡಿ.

ತನಗೆಂದು ಉಳಿಸಿಕೊಳ್ಳದ ಸೇವಕ

ಆಮ್ಲಜನಕವನ್ನು ಹೊತ್ತು ಒಯ್ಯುವ ಕೆಂಪು ರಕ್ತಕಣದ ಕಥೆ ಕೇಳಿ. ಅಸ್ಥಿಮಜ್ಜೆಯಲ್ಲಿ ಪ್ರತಿ ಸೆಕೆಂಡಿಗೆ 20 ಲಕ್ಷಕ್ಕೂ ಹೆಚ್ಚು ಕಣಗಳು ಹುಟ್ಟುತ್ತವೆ. ಕೆಲಸಕ್ಕೆ ಹೊರಡುವ ಮುನ್ನ ಪ್ರತಿಯೊಂದು ಕಣವೂ ತನ್ನ ನಡುವಿನ ಕೋಶಕೇಂದ್ರವನ್ನೇ ಹೊರಹಾಕುತ್ತದೆ. ಹೊರೆ ಹೊರಲು ಒಳಗೆ ಜಾಗ ಮಾಡಿಕೊಳ್ಳುತ್ತದೆ. ಒಂದೊಂದು ಕಣದಲ್ಲಿ ಸುಮಾರು 27 ಕೋಟಿ ಹೀಮೋಗ್ಲೋಬಿನ್ ಅಣುಗಳು. ಒಂದೊಂದೂ ನಾಲ್ಕು ಆಮ್ಲಜನಕದ ಅಣುಗಳನ್ನು ಹೊರುತ್ತದೆ. ಇಷ್ಟೆಲ್ಲ ಹೊತ್ತರೂ ಆ ಕಣ ತಾನು ಮಾತ್ರ ಅದರಲ್ಲಿ ಒಂದಿಷ್ಟನ್ನೂ ಬಳಸುವುದಿಲ್ಲ. ಆಮ್ಲಜನಕವನ್ನು ಉರಿಸುವ ಒಲೆಯೇ ಅದರೊಳಗಿಲ್ಲ. 120 ದಿನ ಹೀಗೆ ಸುತ್ತಾಡಿ ಸವೆಯುತ್ತದೆ. ಅದರ ಕಬ್ಬಿಣಾಂಶವನ್ನು ದೇಹ ಜೋಪಾನವಾಗಿ ತೆಗೆದು ಹೊಸ ಕಣಕ್ಕೆ ಕೊಡುತ್ತದೆ.

ಕೊಡುವುದರಲ್ಲೂ ಅದಕ್ಕೆ ಒಂದು ವಿವೇಕವಿದೆ. ದುಡಿಯುತ್ತಿರುವ ಸ್ನಾಯು ಬಿಸಿಯಾಗಿರುತ್ತದೆ, ಅಲ್ಲಿ ಇಂಗಾಲದ ಡೈ ಆಕ್ಸೈಡ್ ಹೆಚ್ಚಿರುತ್ತದೆ. ಅಂತಹ ಕಡೆ ರಕ್ತ ಹೆಚ್ಚು ಆಮ್ಲಜನಕವನ್ನು ಬಿಟ್ಟುಕೊಡುತ್ತದೆ. ಡೆನ್ಮಾರ್ಕಿನ ಕ್ರಿಶ್ಚಿಯನ್ ಬೋರ್ ಮತ್ತು ಸಂಗಡಿಗರು 1904ರಲ್ಲಿ ಇದನ್ನು ತೋರಿಸಿದರು. ಎಲ್ಲರಿಗೂ ಒಂದೇ ಅಳತೆ ಎಂಬ ಕಾನೂನು ಅಲ್ಲಿಲ್ಲ, ಬೆವರಿದವರಿಗೆ ಹೆಚ್ಚು.

ಆದರೆ ಒಂದು ಅಪಾಯವಿದೆ. ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿಸಿದರೆ, ಬೀಡಿ ಸಿಗರೇಟು ಸೇದಿದರೆ ಬರುವ ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಹೀಮೋಗ್ಲೋಬಿನ್ನನ್ನು ಹಿಡಿದುಕೊಳ್ಳುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ಎದೆ ತುಂಬ ಗಾಳಿ ಇದ್ದರೂ ಮನುಷ್ಯ ಉಸಿರಿಲ್ಲದೆ ಸಾಯುತ್ತಾನೆ. ಏಕೆಂದರೆ ಕೂರಬೇಕಾದವನ ಜಾಗದಲ್ಲಿ ಬೇರೊಬ್ಬ ಕೂತುಬಿಟ್ಟಿದ್ದಾನೆ. ಹಗೆ, ಕುಡಿತ, ದುಡ್ಡಿನ ವ್ಯಾಮೋಹ ನಮ್ಮ ಮನಸ್ಸಿನಲ್ಲಿ ಹೀಗೆಯೇ ಕೂತಿರುತ್ತವೆ. ದೇವರ ಕೃಪೆ ಸುತ್ತಲೂ ತುಂಬಿರುತ್ತದೆ, ಆದರೆ ಕೂರಲು ಜಾಗವಿಲ್ಲ. ಪಾಪನಿವೇದನೆ ಆ ಜಾಗವನ್ನು ಬಿಡಿಸಿಕೊಡುವ ಸಂಸ್ಕಾರ.

ಕೊರಿಂಥದ ಊಟ, ನಮ್ಮ ಅಡುಗೆಮನೆ

ಈಗ ನಮ್ಮನ್ನು ಸ್ವಲ್ಪ ಚುಚ್ಚುವ ಮಾತಿಗೆ ಬರೋಣ. ಕೊರಿಂಥದ ಕ್ರೈಸ್ತರು ಪ್ರಭುವಿನ ಭೋಜನಕ್ಕೆ ಸೇರುತ್ತಿದ್ದರು. ಅಲ್ಲಿ ಕೆಲವರು ಮೊದಲೇ ಉಂಡು ಕುಡಿದು ಅಮಲೇರಿಸಿಕೊಂಡರೆ, ಕೆಲವರು ಹಸಿದೇ ಉಳಿಯುತ್ತಿದ್ದರು. ಸಂತ ಪೌಲರು ಇದನ್ನು ಕೇಳಿ ಖಂಡಿಸಿದರು. ಹೀಗೆ ಮಾಡಿ ನೀವು ಉಣ್ಣುವುದು ಪ್ರಭುವಿನ ಭೋಜನವೇ ಅಲ್ಲ ಎಂದು ಬರೆದರು. ನಂತರದ ಅಧ್ಯಾಯದಲ್ಲೇ ಅವರು ಎಲ್ಲ ಅಂಗಗಳೂ ಒಂದೇ ದೇಹ ಎಂದು ಬೋಧಿಸಿದ್ದು. ಅಂದರೆ ಆ ದೊಡ್ಡ ಬೋಧನೆಯ ಹಿಂದೆ ಯಾರಿಗೆ ಊಟ ಸಿಕ್ಕಿತು, ಯಾರಿಗೆ ಸಿಗಲಿಲ್ಲ ಎಂಬ ಸಣ್ಣ ಪ್ರಶ್ನೆಯೂ ಇತ್ತು.

ನಮ್ಮ ಮನೆಗಳಲ್ಲಿ ಕೊನೆಗೆ ಉಣ್ಣುವವರು ಯಾರು? ಸಾರಿನ ತಳದಲ್ಲಿ ಉಳಿದ ನೀರು, ಪಲ್ಯದ ಪಾತ್ರೆಯ ಅಂಚು ಯಾರ ಪಾಲು? 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ನಮ್ಮ ದೇಶದಲ್ಲಿ 15 ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ. ಅದೇ ವಯಸ್ಸಿನ ಗಂಡಸರಲ್ಲಿ ನೂರಕ್ಕೆ 25. ಹೆಂಗಸರ ದೇಹದಿಂದ ತಿಂಗಳು ತಿಂಗಳು ರಕ್ತ ಹೋಗುತ್ತದೆ, ಬಸಿರು ಬಾಣಂತನದಲ್ಲಿ ಅಗತ್ಯ ಹೆಚ್ಚುತ್ತದೆ ನಿಜ. ಆದ್ದರಿಂದ ಅವರಿಗೆ ಹೆಚ್ಚು ಬಡಿಸಬೇಕು. ಎಷ್ಟೋ ಕಡೆ ನಡೆಯುವುದು ಅದರ ಉಲ್ಟಾ. "ಅಮ್ಮ ಯಾಕೋ ಮೆಟ್ಟಿಲು ಹತ್ತಿದರೆ ಏದುಸಿರು ಬಿಡುತ್ತಾಳೆ" ಎಂದು ಹೇಳುವ ಮಕ್ಕಳೇ, ಅವಳ ಎದೆಯೊಳಗೆ ಗಾಳಿ ಬೇಕಾದಷ್ಟಿದೆ. ಅದನ್ನು ಹೊರುವ ಕಬ್ಬಿಣಾಂಶ ಸಾಲದಿರಬಹುದು.

ಇಡೀ ದೇಹದಲ್ಲಿರುವ ಕಬ್ಬಿಣ ಮೂರು ನಾಲ್ಕು ಗ್ರಾಂ ಮಾತ್ರ, ಒಂದು ಸಣ್ಣ ಮೊಳೆಯಷ್ಟು. ದಿನಕ್ಕೆ ಕರುಳು ಹೀರುವುದು ಒಂದೆರಡು ಮಿಲಿಗ್ರಾಂ. ಸೊಪ್ಪು, ಕಾಳು, ಧಾನ್ಯಗಳಲ್ಲಿರುವ ಕಬ್ಬಿಣ ಸುಲಭವಾಗಿ ಒಳಸೇರುವುದಿಲ್ಲ. ಮಾಂಸ, ಮೀನಿನದು ಹೆಚ್ಚು ಸೇರುತ್ತದೆ. ಊಟದ ಜೊತೆಗೆ ನಿಂಬೆಹಣ್ಣು, ಸೀಬೆ, ನೆಲ್ಲಿಕಾಯಿ ಇದ್ದರೆ ಸೊಪ್ಪಿನ ಕಬ್ಬಿಣವೂ ಚೆನ್ನಾಗಿ ಸೇರುತ್ತದೆ. ಊಟದ ಬೆನ್ನಿಗೇ ಕುಡಿಯುವ ಚಹಾ, ಕಾಫಿ ಅದನ್ನು ತಡೆಯುತ್ತವೆ. ಒಂದೆರಡು ಗಂಟೆ ಬಿಟ್ಟು ಕುಡಿಯಿರಿ. ಕರುಳಿನಲ್ಲಿ ಕೊಕ್ಕೆಹುಳು ಇದ್ದರೆ ಅದು ರಕ್ತವನ್ನೇ ಹೀರುತ್ತದೆ. ಆಸ್ಪತ್ರೆಯಲ್ಲಿ ಕೊಟ್ಟ ಕಬ್ಬಿಣದ ಮಾತ್ರೆಯಿಂದ ಮಲ ಕಪ್ಪಾಗುತ್ತದೆ, ಹೊಟ್ಟೆ ತೊಳಸುತ್ತದೆ ಎಂದು ಎಸೆಯಬೇಡಿ. ವೈದ್ಯರಿಗೋ ಆಶಾ ಕಾರ್ಯಕರ್ತೆಗೋ ಹೇಳಿ, ತೆಗೆದುಕೊಳ್ಳುವ ಕ್ರಮವನ್ನು ಕೇಳಿ.

ಗಂಡಂದಿರೇ, ಮಕ್ಕಳೇ, ಒಂದು ಸಣ್ಣ ತಪಸ್ಸು ಮಾಡಿ. ಮನೆಯ ಹೆಣ್ಣುಮಕ್ಕಳು ಕುಳಿತು, ತಟ್ಟೆಗೆ ಎಲ್ಲವೂ ಬಿದ್ದ ಮೇಲೆ ಶಿಲುಬೆಯ ಗುರುತು ಹಾಕಿ. ಯಾಯೀರನ ಮಗಳನ್ನು ಬದುಕಿಸಿದ ಮೇಲೆ ಯೇಸುಸ್ವಾಮಿ ಹೇಳಿದ್ದು ಏನು ಗೊತ್ತೇ? ಅವಳಿಗೆ ತಿನ್ನಲು ಏನಾದರೂ ಕೊಡಿ ಎಂದು. ಅಷ್ಟು ದೊಡ್ಡ ಅದ್ಭುತದ ಗದ್ದಲದಲ್ಲೂ ಒಂದು ಹುಡುಗಿಯ ಹಸಿವು ಅವರ ಕಣ್ಣಿಗೆ ಬಿತ್ತು.

ಪರಮಪ್ರಸಾದ ಮೈಗೂಡಿದರೆ

ಬಲಿಪೂಜೆಯಲ್ಲಿ ನಾವು ಸ್ವೀಕರಿಸುವ ಅಪ್ಪವೂ ಗೋಧಿಯದೇ. ಅದರ ಹೊರರೂಪ ಕರುಳಿನ ನಿಯಮಕ್ಕೆ ಒಳಪಟ್ಟೇ ಕರಗುತ್ತದೆ. ಗೋಧಿಯ ಅಂಟು ಕರುಳಿಗೆ ಹಿಡಿಸದ ಸೀಲಿಯಾಕ್ ಕಾಯಿಲೆಯವರು ಕಡಿಮೆ ಅಂಟಿನ ಅಪ್ಪವನ್ನು ಸ್ವೀಕರಿಸಬಹುದು, ಅದೂ ಆಗದಿದ್ದರೆ ದ್ರಾಕ್ಷಾರಸದ ರೂಪದಲ್ಲಿ ಮಾತ್ರ ಸ್ವೀಕರಿಸಬಹುದು ಎಂದು ಧರ್ಮಸಭೆ ದಾರಿ ಮಾಡಿಕೊಟ್ಟಿದೆ. ಅಂಥವರು ಸಂಕೋಚಪಡದೆ ಗುರುಗಳಿಗೆ ಮೊದಲೇ ತಿಳಿಸಿರಿ. ಉಂಡದ್ದು ಮೈಗೆ ಹತ್ತದಿರುವುದು ಕಾಯಿಲೆ, ಪಾಪವಲ್ಲ. ಅಂಥವರನ್ನು ಯಾರೂ ಹೀಗಳೆಯಬಾರದು.

ಆದರೆ ಈ ಅಪ್ಪದ ವಿಷಯದಲ್ಲಿ ಒಂದು ದೊಡ್ಡ ವ್ಯತ್ಯಾಸವಿದೆ. ಅನ್ನವನ್ನು ಉಂಡಾಗ ಅನ್ನ ನಮ್ಮ ದೇಹವಾಗುತ್ತದೆ. ಪರಮಪ್ರಸಾದವನ್ನು ಸ್ವೀಕರಿಸಿದಾಗ ನಾವು ಕ್ರಿಸ್ತರ ದೇಹವಾಗುತ್ತೇವೆ. ಈ ಆಹಾರವು ನಿನ್ನಂತೆ ಬದಲಾಗುವುದಿಲ್ಲ, ನೀನೇ ಅದರಂತೆ ಬದಲಾಗುವೆ ಎಂಬ ಅರ್ಥದ ವಾಣಿಯನ್ನು ತಾವು ಕೇಳಿದಂತಾಯಿತೆಂದು ಸಂತ ಅಗಸ್ತೀನರು ತಮ್ಮ ಆತ್ಮಕಥನದಲ್ಲಿ ಬರೆದಿದ್ದಾರೆ. ಹಾಗಾದರೆ ಇಪ್ಪತ್ತು, ಮೂವತ್ತು ವರ್ಷ ಪ್ರತಿ ಭಾನುವಾರ ಸ್ವೀಕರಿಸಿದ ಮೇಲೂ ನಮ್ಮ ನಾಲಿಗೆ ಹಾಗೆಯೇ ಕಹಿ, ನಮ್ಮ ಕೈ ಹಾಗೆಯೇ ಬಿಗಿ ಇದ್ದರೆ, ಕೊರತೆ ಅಪ್ಪದ್ದಲ್ಲ. ನುಂಗಿದ್ದೇವೆ, ಮೈಗೂಡಿಸಿಕೊಂಡಿಲ್ಲ.

ಮೈಗೂಡಿದೆ ಎಂದು ತಿಳಿಯುವುದು ಹೇಗೆ? ದೇಹವೇ ಉತ್ತರ ಹೇಳುತ್ತದೆ. ಕರುಳು ಹೀರಿದ್ದನ್ನು ಕರುಳು ತನಗೇ ಇಟ್ಟುಕೊಳ್ಳುವುದಿಲ್ಲ, ಲಿವರಿಗೆ ಕಳಿಸುತ್ತದೆ; ಲಿವರ್ ಎಲ್ಲ ಅಂಗಗಳಿಗೂ ಹಂಚುತ್ತದೆ. ಶ್ವಾಸಕೋಶ ತುಂಬಿಕೊಂಡದ್ದು ಕಾಲಿನ ಕಿರುಬೆರಳಿಗೂ ಮುಟ್ಟುತ್ತದೆ. ಒಳಗೆ ಸೇರಿದ್ದು ಮುಂದಕ್ಕೆ ಹರಿದರೆ ಮಾತ್ರ ಆ ದೇಹ ಬದುಕಿದೆ. ಪರಮಪ್ರಸಾದವೂ ಕೋವಿಲಿನ ಬಾಗಿಲಲ್ಲಿ ನಿಲ್ಲದೆ, ಹಾಸಿಗೆ ಹಿಡಿದ ಅತ್ತೆಗೆ ಕುಡಿಸುವ ಗಂಜಿಯಾಗಿ, ಮಾತು ಬಿಟ್ಟ ತಮ್ಮನಿಗೆ ಮಾಡುವ ಫೋನ್ ಕರೆಯಾಗಿ, ಕೆಲಸದವಳ ತಟ್ಟೆಗೆ ಬೀಳುವ ಮೀನಿನ ತುಂಡಾಗಿ ಹರಿಯಬೇಕು.

ಕುಟುಂಬದಲ್ಲಿ ಕೂತು ಮಾತಾಡಿರಿ

1. ಈ ವಾರ ನಮ್ಮ ಮನೆಯಲ್ಲಿ ಎಲ್ಲರೂ ಒಟ್ಟಿಗೆ ಕುಳಿತು ಎಷ್ಟು ಹೊತ್ತು ಊಟ ಮಾಡಿದೆವು? ಕೊನೆಗೆ ಉಂಡವರು ಯಾರು? ಅವರಿಗೆ ಏನು ಉಳಿದಿತ್ತು?

2. ಕಳೆದ ಭಾನುವಾರದ ಶುಭಸಂದೇಶದಲ್ಲಿ ನಮಗೆ ನೆನಪಿರುವ ಒಂದು ಮಾತು ಯಾವುದು?

3. ನಾವು ಕೈಹಿಡಿದು ಜೊತೆಗೆ ಕರೆತರಬೇಕಾದವರು ಯಾರು?

ಪ್ರಾರ್ಥನೆ

ದೇವಾ, ತಂದೆಯೇ, ಕೇಳದೆಯೇ ನಮಗೆ ಉಸಿರನ್ನು ಕೊಡುತ್ತಿರುವಿರಿ, ಕೇಳಿದಾಗ ಅನ್ನವನ್ನೂ ಕೊಡುತ್ತಿರುವಿರಿ. ನಿಮ್ಮ ವರಗಳು ನಮ್ಮನ್ನು ಹಾದುಹೋಗದಿರಲಿ, ನಮ್ಮಲ್ಲಿ ಸೇರಲಿ. ಸೇರಿದ್ದು ನಮ್ಮಲ್ಲೇ ನಿಲ್ಲದಿರಲಿ, ಹಸಿದವರಿಗೂ ದಣಿದವರಿಗೂ ಹರಿಯಲಿ. ಈ ಹೊತ್ತು ಉಸಿರಿಗಾಗಿ ಹೋರಾಡುತ್ತಿರುವ ಎಲ್ಲ ರೋಗಿಗಳನ್ನೂ, ತೊಟ್ಟಿಲಲ್ಲಿರುವ ಎಲ್ಲ ಹಸುಳೆಗಳನ್ನೂ ನಿಮ್ಮ ಕೈಗೆ ಒಪ್ಪಿಸುತ್ತೇವೆ. ನಮ್ಮ ಪ್ರಭು ಕ್ರಿಸ್ತರ ಮುಖಾಂತರ. ಆಮೆನ್.